ಸಾರ್ಥವಾಹನನ್ನು ಆರಿಸುವ ಬಗೆ

ನಮ್ಮ ಮುದ್ದೇಬಿಹಾಳಕ್ಕೆ ರೈಲು ಇಲ್ಲ. ದೂರ ಹೊರಟವರು ಆಲಮಟ್ಟಿಗೋ ವಿಜಯಪುರಕ್ಕೋ ಹೋಗಿ ಗಾಡಿ ಹಿಡಿಯಬೇಕು. ವಿಮಾನ ಹತ್ತಬೇಕಾದರೆ ಹುಬ್ಬಳ್ಳಿಯವರೆಗೆ ಮೋಟಾರಿನ ಹಾದಿ. ಆದರೂ ಈ ಊರಿನ ಮಕ್ಕಳು ಇಂದು ಕಂಪನಿಗಳ ಕೆಲಸದ ಮೇಲೆ ದಿಲ್ಲಿ, ಕೋಲಕತ್ತೆ, ದುಬೈಗಳಿಗೆ ಹೋಗಿಬರುತ್ತಿರುವರು. ಅವರ ತಿಕೀಟು, ವಸತಿ, ವಾಹನಗಳನ್ನು ಅನೇಕ ವೇಳೆ ಗೊತ್ತುಪಡಿಸುವವರು ಅವರೂ ಅಲ್ಲ, ಅವರ ಯಜಮಾನರೂ ಅಲ್ಲ. ಕಂಪನಿಯೊಡನೆ ಕರಾರು ಮಾಡಿಕೊಂಡ ಪ್ರವಾಸ ವ್ಯವಸ್ಥಾಪಕ ಸಂಸ್ಥೆಗಳು. ಈ ಸಂಸ್ಥೆಗಳ ತಾರತಮ್ಯವು ಮನೆವಾರ್ತೆಯವರಿಗೆ ಏತಕ್ಕೆಂದು ವಾಚಕರು ಕೇಳಬಹುದು. ಅದರ ಉತ್ತರವು ಮುಂದೆ ತಾನಾಗಿಯೇ ಬರುವದು.

ಕಳೆದ ತಿಂಗಳು ನಮ್ಮ ಹಳೆಯ ಶಿಷ್ಯನೊಬ್ಬನು ಎರಡು ಕರಾರುಪತ್ರಗಳನ್ನು ಹಿಡಿದು ನಮ್ಮಲ್ಲಿಗೆ ಬಂದನು. ಅವನದು ಬೀಜದ ವ್ಯಾಪಾರ. ಹತ್ತು ಹನ್ನೆರಡು ಜನ ನೌಕರರು ವರ್ಷವಿಡೀ ಊರೂರು ತಿರುಗುತ್ತಿರುವರು. “ಮಾಸ್ತರರೆ, ಇವೆರಡರೊಳಗೆ ಯಾವದಕ್ಕೆ ಸಹಿ ಹಾಕಲಿ?” ಎಂದು ಕೇಳಿದನು. ಶಬ್ದರೂಪ, ಧಾತುರೂಪಗಳಲ್ಲಿ ಆಯುಷ್ಯ ಕಳೆದ ನಮಗೆ ಈ ವ್ಯವಹಾರದ ಗಂಧವೇನು? ಆದರೆ ಈ ಕಸುಬಿಗೆ ನಮ್ಮ ಹಿರಿಯರು ಇಟ್ಟ ಹೆಸರೊಂದು ನೆನಪಾಯಿತು. ಕೂಡಿ ಪಯಣ ಹೊರಟ ವ್ಯಾಪಾರಿಗಳ ತಂಡಕ್ಕೆ ಸಾರ್ಥವೆಂದೂ ಅದನ್ನು ನಡೆಸುವವನಿಗೆ ಸಾರ್ಥವಾಹನೆಂದೂ ಹೆಸರು.

ಬೌದ್ಧರ ಜಾತಕಗಳಲ್ಲಿ ಮೊದಲನೆಯದಾದ ಅಪಣ್ಣಕ ಜಾತಕವು ಇಂಥ ಇಬ್ಬರು ಸಾರ್ಥವಾಹರ ಕಥೆಯೇ ಆಗಿರುವದು. ಇಬ್ಬರಲ್ಲಿಯೂ ಐದೈದು ನೂರು ಬಂಡಿ. ದಾಟಬೇಕಾದದ್ದು ನೀರಿಲ್ಲದ ಮರುಭೂಮಿ. ಮುಂದೆ ಮಳೆಯಾಗಿದೆ, ಕೊಡಗಳ ಭಾರವೇಕೆ ಎಂದ ಯಕ್ಷನ ಮಾತನ್ನು ನಂಬಿ ಒಬ್ಬನು ನೀರಿನ ಕೊಡಗಳನ್ನು ಒಡೆಯಿಸಿದನು. ಬಂಡಿ ಹಗುರಾಯಿತು; ಪ್ರಾಣ ಉಳಿಯಲಿಲ್ಲ. ಇನ್ನೊಬ್ಬನು ಆ ಭಾರವನ್ನು ಹೊತ್ತುಕೊಂಡೇ ನಡೆದು ಎಲ್ಲರನ್ನೂ ದಾಟಿಸಿದನು. ಈ ಕಥೆಯನ್ನೇ ಅಳತೆಗೋಲಾಗಿ ಹಿಡಿದು ಪತ್ರಗಳನ್ನು ಓದತೊಡಗಿದೆವು.

ಮೊದಲನೆಯದು ತಿಕೀಟಿನ ದರ. ತಮ್ಮದೇ ಅಗ್ಗವೆಂದು ಎರಡೂ ಸಂಸ್ಥೆಗಳು ಬರೆದಿದ್ದವು. ಆದರೆ ಅಮೇರಿಕನ್ ಏರ್‌ಲೈನ್ಸ್ ಮತ್ತು ಐ.ಬಿ.ಎಂ. ಕೂಡಿ 1960ರ ಸುಮಾರಿಗೆ ಕಟ್ಟಿದ ಸೇಬರ್, ಯುರೋಪಿನ ನಾಲ್ಕು ವಿಮಾನ ಕಂಪನಿಗಳು 1987ರಲ್ಲಿ ಕಟ್ಟಿದ ಅಮಡಿಯಸ್ ಮೊದಲಾದ ಗಣಕಭಾಂಡಾರಗಳನ್ನು ನೋಡಿಯೇ ಇಂಥ ಸಂಸ್ಥೆಗಳು ಬಹುಮಟ್ಟಿಗೆ ಆಸನಗಳನ್ನು ಮಾರುವವು. ಅಂಗಡಿ ಎರಡಾದರೂ ನೀರು ಸೇದುವ ಬಾವಿ ಒಂದೇ. ಆದಕಾರಣ ದರದ ಅಂತರವು ಸಾಮಾನ್ಯವಾಗಿ ಅಲ್ಪವೇ ಸರಿ.

ಎರಡನೆಯದು ಸಂಸ್ಥೆಯ ಸೇವಾಶುಲ್ಕ. ಒಂದು ಸಂಸ್ಥೆಯು ತಿಕೀಟಿಗೆ ಇಷ್ಟೆಂದು ಕೇಳಿತ್ತು. ಇನ್ನೊಂದು ವರ್ಷಕ್ಕೆ ಇಡಿಗಂಟು ಕೇಳಿತ್ತು. ಅಪರೂಪಕ್ಕೆ ಪ್ರವಾಸ ಮಾಡುವವರಿಗೆ ಮೊದಲಿನದು ಲೇಸು, ನಿತ್ಯ ತಿರುಗುವವರಿಗೆ ಎರಡನೆಯದು. ಆದರೆ ದಿನಾಂಕ ಬದಲಿಸಿದಾಗ, ತಿಕೀಟು ರದ್ದು ಮಾಡಿದಾಗ ಪುನಃ ಶುಲ್ಕ ಬೀಳುವದೋ ಎಂಬದನ್ನು ಸಣ್ಣ ಅಕ್ಷರಗಳಲ್ಲಿ ಹುಡುಕಿ ಓದತಕ್ಕದ್ದು.

ಮೂರನೆಯದು ಲೆಕ್ಕದ ಶಿಸ್ತು. ವ್ಯಾಪಾರಕ್ಕಾಗಿ ಮಾಡಿದ ವಿಮಾನಪ್ರವಾಸದ ಪಾವತಿಯಲ್ಲಿ ವ್ಯಾಪಾರಿಯ ಜಿ.ಎಸ್.ಟಿ. ಸಂಖ್ಯೆಯು ಸರಿಯಾಗಿ ನಮೂದಾಗಿದ್ದರೆ ಆ ತೆರಿಗೆಯನ್ನು ತಾನು ಕಟ್ಟಬೇಕಾದದ್ದರಲ್ಲಿ ಮುರಿದುಕೊಳ್ಳಲು ಬರುವದು. ಇಲ್ಲವಾದರೆ ಅದು ಹೋದ ಹಣವೇ. ಈ ಶಿಸ್ತಿನ ವಿಷಯದಲ್ಲಿ ಕೇಂದ್ರ ಸರಕಾರದ ಮೇಲ್ಪಂಕ್ತಿಯೂ ಉಂಟು. 1867ರಲ್ಲಿ ಕೋಲಕತ್ತೆಯಲ್ಲಿ ಹುಟ್ಟಿದ ಬಾಮರ್ ಲಾರಿ, ಅಶೋಕ ಟ್ರಾವೆಲ್ಸ್, 1999ರಲ್ಲಿ ಸ್ಥಾಪಿತವಾದ ಐ.ಆರ್.ಸಿ.ಟಿ.ಸಿ. ಈ ಮೂರರಿಂದ ಮಾತ್ರವೇ ತನ್ನ ನೌಕರರು ಸರಕಾರಿ ಖರ್ಚಿನ ವಿಮಾನ ತಿಕೀಟು ಕೊಳ್ಳಬೇಕೆಂದು ಅದು ವಿಧಿಸಿತು. 2022ರ ಜೂನಿನ ಆಜ್ಞೆಯಲ್ಲಿ, ಪ್ರಯಾಣಕ್ಕೆ 21 ದಿನ ಮುಂಚಿತವಾಗಿ ಕೊಳ್ಳಲು ಪ್ರಯತ್ನಿಸಬೇಕು, ಒಂದು ಹಾದಿಗೆ ಒಂದೇ ತಿಕೀಟು ತೆಗೆಸಬೇಕು ಎಂದು ಹೇಳಿತು. ಗೃಹಸ್ಥರೂ ಅನುಸರಿಸತಕ್ಕ ಮಾತುಗಳಿವು.

ಇಷ್ಟರವರೆಗೆ ತಕ್ಕಡಿಯ ಎರಡು ತಟ್ಟೆಗಳೂ ಸಮವಾಗಿದ್ದವು. ಉಳಿದದ್ದು ನಾಲ್ಕನೆಯದು: ನಡುದಾರಿಯಲ್ಲಿ ಸಂಕಟ ಬಂದರೆ ಕೈಹಿಡಿಯುವವರಾರು? ಹೆಸರು ದೊಡ್ಡದಾದರೆ ಸಾಲದು. ಥಾಮಸ್ ಕುಕ್ಕನು 1841ರ ಜುಲೈ 5ರಂದು ಲೆಸ್ಟರಿನಿಂದ ಲಫ್‌ಬರೋಗೆ ತಲೆಗೊಂದು ಶಿಲ್ಲಿಂಗಿನಂತೆ ಸುಮಾರು 500 ಜನರನ್ನು ರೈಲಿನಲ್ಲಿ ಕರೆದೊಯ್ದನು. ಅಲ್ಲಿಂದ ಬೆಳೆದ ಬ್ರಿಟಿಷ್ ಸಂಸ್ಥೆಯು 2019ರ ಸಪ್ಟಂಬರ 23ರಂದು ಮುಚ್ಚಿಹೋಯಿತು. ಪರದೇಶಗಳಲ್ಲಿ ಸಿಕ್ಕಿಬಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರನ್ನು ಊರಿಗೆ ತಂದದ್ದು ಅಲ್ಲಿಯ ಸರಕಾರದ ವಿಮಾನಯಾನ ಇಲಾಖೆ. ಭಾರತದಲ್ಲಿರುವ ಅದೇ ಹೆಸರಿನ ಕಂಪನಿಯು 2012ರಿಂದಲೇ ಬೇರೆಯವರ ಒಡೆತನದಲ್ಲಿದ್ದುದರಿಂದ ಅದಕ್ಕೆ ಆ ಗತಿ ಬರಲಿಲ್ಲ.

ಈ ಮಾತನ್ನು ಕೇಳಿ ಶಿಷ್ಯನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ಹೇಳಿದನು: “ಹೋದ ವರ್ಷ ನಮ್ಮ ಗುಮಾಸ್ತನು ಕೋಲಕತ್ತೆಯಲ್ಲಿದ್ದ. ತಾಯಿಗೆ ಕಠಿಣವಾಗಿದೆ ಎಂದು ರಾತ್ರಿ ಹತ್ತಕ್ಕೆ ಸುದ್ದಿ ಹೋಯಿತು. ತಿಕೀಟು ನಾಲ್ಕು ದಿನಗಳ ನಂತರದ್ದು. ಅದನ್ನು ಬದಲಿಸುವ ಅಧಿಕಾರ ಸಂಸ್ಥೆಯದು. ಅವರ ಕಚೇರಿ ಏಳಕ್ಕೇ ಮುಚ್ಚುವದು. ಹೊಸ ತಿಕೀಟು ಕೊಳ್ಳುವಷ್ಟು ಹಣ ಅವನ ಕೈಯಲ್ಲಿ ಇರಲಿಲ್ಲ. ಆ ಅಪರಾತ್ರಿಯಲ್ಲಿ ನನ್ನನ್ನು ಎಬ್ಬಿಸಲು ಸಂಕೋಚಪಟ್ಟ. ಬೆಳಗಿನ ಮೊದಲ ವಿಮಾನ ತಪ್ಪಿತು. ಅವನು ಊರು ಮುಟ್ಟುವಾಗ ತಾಯಿಯ ಬಾಯಿಗೆ ನೀರು ಬಿಡುವ ಹೊತ್ತು ಮೀರಿತ್ತು. ಆ ಸಂಸ್ಥೆಯನ್ನು ಆರಿಸಿದವನು ನಾನೇ, ಮಾಸ್ತರರೆ. ತಿಕೀಟಿಗೆ ನೂರು ರೂಪಾಯಿ ಉಳಿದೀತೆಂದು.”

ಕೊಡ ಒಡೆದವನ ಕಥೆಯನ್ನು ಅವನಿಗೆ ಮತ್ತೆ ಹೇಳುವ ಅವಶ್ಯವಿರಲಿಲ್ಲ. ರಾತ್ರಿ ಹನ್ನೊಂದರ ವರೆಗೆ ಕಾಯೋಣವೆಂದು ಮಾತ್ರ ಹೇಳಿದೆವು. ಊಟ ಮುಗಿಸಿ, ಪತ್ರಗಳಲ್ಲಿ ಅಚ್ಚಾಗಿದ್ದ ಸಂಖ್ಯೆಗಳಿಗೆ ಅವನಿಂದಲೇ ಫೋನು ಮಾಡಿಸಿದೆವು. ಒಂದು ಕಡೆಯಲ್ಲಿ ಯಂತ್ರವು ಅಂಕಿಗಳನ್ನು ಒತ್ತಿರೆಂದು ಹೇಳಿ ಕಾಲು ಗಂಟೆ ಸಂಗೀತ ಕೇಳಿಸಿತು. ಇನ್ನೊಂದು ಕಡೆಯಲ್ಲಿ ನಾಲ್ಕನೆಯ ಗಂಟೆಗೆ ಹೆಣ್ಣುಮಗಳೊಬ್ಬಳು ಎತ್ತಿಕೊಂಡು ಖಾತೆಯ ಸಂಖ್ಯೆಯನ್ನು ಕೇಳಲಿಲ್ಲ, “ಪ್ರವಾಸಿಗರು ಈಗ ಎಲ್ಲಿರುವರು?” ಎಂದು ಮೊದಲು ಕೇಳಿದಳು. ಆ ಸಂಸ್ಥೆಯ ಶುಲ್ಕವೇ ಹೆಚ್ಚಿನದಾಗಿತ್ತು. ಶಿಷ್ಯನು ಅಲ್ಲಿಯೇ ಲೇಖನಿ ತೆಗೆದು ಅದರ ಪತ್ರಕ್ಕೆ ಸಹಿ ಹಾಕಿದನು.

ಮಕ್ಕಳನ್ನು ದೂರಕ್ಕೆ ಕಳಿಸುವ ಗೃಹಸ್ಥರು ಇಷ್ಟನ್ನಾದರೂ ಮಾಡಬೇಕು: ಅವರ ಪ್ರವಾಸದ ಹೊಣೆ ಹೊತ್ತ ಸಂಸ್ಥೆಯ ರಾತ್ರಿಯ ಸಂಖ್ಯೆಯನ್ನು ಕೇಳಿ, ದೇವರ ಮನೆಯ ಪಂಚಾಂಗದ ಪಕ್ಕದಲ್ಲಿ ಬರೆದಿಡಬೇಕು, ಹೊರಡುವ ಮುನ್ನ ಒಂದು ಅಪರಾತ್ರಿ ಆ ಸಂಖ್ಯೆಗೆ ಫೋನು ಮಾಡಿ ನೋಡಬೇಕು. ಯಜಮಾನರನ್ನು ಎಬ್ಬಿಸಲು ಸಂಕೋಚ ಬೇಡವೆಂದೂ ಮಕ್ಕಳಿಗೆ ಹೇಳಿಕೊಡಬೇಕು. ನಮ್ಮ ಶಿಷ್ಯನು ಮರುದಿನವೇ ತನ್ನ ನೌಕರರೆಲ್ಲರಿಗೂ ಈ ಮಾತನ್ನು ಹೇಳಿದನಂತೆ. ಆ ಗುಮಾಸ್ತನಿಗೆ ಮಾತ್ರ ಅವನ ಮನೆಗೇ ಹೋಗಿ ಹೇಳಿದನೆಂದು ಕೇಳಿದೆವು.