ಗಿಡಮೂಲಿಕೆ ಔಷಧ ಪ್ರಯೋಗ: ನೈತಿಕ ಸಮಿತಿಯ ಅನುಮೋದನೆ ಕೇವಲ ಮೊಹರಲ್ಲ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮ ಭಾಗದ ಗಿಡಮೂಲಿಕೆ ವರ್ತಕರು ತುಸು ಬೇಸರದಿಂದಲೇ ಉದ್ಧರಿಸುವುದುಂಟು. ಮಾಗಡಿ ಸೀಮೆಯ ಮಾಕಳಿ ಬೇರು, ಕನಕಪುರದ ಕಾಡಂಚಿನ ನೆಲ್ಲಿ ಮತ್ತು ಅಳಲೆಕಾಯಿ, ಚನ್ನಪಟ್ಟಣದ ಬೊಂಬೆಗಳಿಗೆ ಒದಗುವ ಆಲೆ ಅಥವಾ ಹಾಲೆ ಮರದ ಎಲೆ ಇವೆಲ್ಲವೂ ತಲೆಮಾರುಗಳಿಂದ ಮದ್ದಾಗಿ ಬಳಕೆಯಲ್ಲಿವೆ. ಆದರೂ ಗ್ರಂಧಿಗೆ ಅಂಗಡಿಯ ಆಚೆಗೆ, ದೊಡ್ಡ ಆಸ್ಪತ್ರೆಯ ಅಥವಾ ವಿದೇಶಿ ಖರೀದಿದಾರನ ಮುಂದೆ, ಇವುಗಳ ಗುಣವನ್ನು ಮಾತಿನಿಂದ ಒಪ್ಪಿಸಲು ಸಾಧ್ಯವಾಗುವುದಿಲ್ಲ. ಸಾಕ್ಷ್ಯ ಬೇಕು, ಸಾಕ್ಷ್ಯಕ್ಕೆ ಚಿಕಿತ್ಸಾ ಪ್ರಯೋಗ ಬೇಕು, ಪ್ರಯೋಗಕ್ಕೆ ಮನುಷ್ಯರು ಬೇಕು. ಪ್ರಸ್ತುತ ಲೇಖನದ ವಿಷಯವು ಈ ಮೂರನೆಯ ಅಗತ್ಯಕ್ಕೆ ಸಂಬಂಧಿಸಿದೆ.

1945ರ ಔಷಧ ಮತ್ತು ಕಾಂತಿವರ್ಧಕ ನಿಯಮಗಳಿಗೆ 2010ರಲ್ಲಿ ಸೇರ್ಪಡೆಯಾದ 158-ಬಿ ನಿಯಮವು, ಆಯುರ್ವೇದ, ಸಿದ್ಧ ಮತ್ತು ಯುನಾನಿ ಪದ್ಧತಿಯ ಸ್ವಾಮ್ಯದ ಔಷಧಿಗಳಿಗೆ ಪರವಾನಗಿ ನೀಡುವಾಗ ಪರಿಣಾಮದ ಬಗ್ಗೆ ಯಾವ ಬಗೆಯ ಸಾಕ್ಷ್ಯ ಇರಬೇಕೆಂಬುದನ್ನು ವಿವರಿಸುತ್ತದೆ. ಈ ಪದ್ಧತಿಗಳ ಔಷಧ ಪ್ರಯೋಗಗಳಿಗೆಂದೇ ಕೇಂದ್ರದ ಆಯುಷ್ ಇಲಾಖೆ 2013ರಲ್ಲಿ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಯಾವ ಪ್ರಯೋಗವಾದರೂ ಮೊದಲು ನೈತಿಕ ಸಮಿತಿಯ ಅನುಮೋದನೆ ಪಡೆಯತಕ್ಕದ್ದು. ನಮ್ಮ ಸಣ್ಣ ಉದ್ಯಮಿಗಳಲ್ಲಿ ಅನೇಕರು ಈ ಅನುಮೋದನೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಪತ್ರದಂತೆ, ಅಗ್ನಿಶಾಮಕ ದಳದ ನಿರಾಕ್ಷೇಪಣಾ ಪತ್ರದಂತೆ, ಕಡತಕ್ಕೆ ಸೇರಬೇಕಾದ ಮತ್ತೊಂದು ಕಾಗದವೆಂದು ಭಾವಿಸುತ್ತಾರೆ. ಈ ಭಾವನೆ ಎಷ್ಟು ತಪ್ಪೆಂಬುದನ್ನು ಅತ್ಯಂತ ಕಠಿಣವಾದ ಒಂದು ಉದಾಹರಣೆಯಿಂದಲೇ ಪರಿಶೀಲಿಸುವುದು ಒಳಿತು. ಎಚ್.ಐ.ವಿ. ಸೋಂಕಿತರಾದ ಕೈದಿಗಳ ಮೇಲೆ ಗಿಡಮೂಲಿಕೆ ಔಷಧವನ್ನು ಪ್ರಯೋಗಿಸಲು ಅನುಮತಿ ಕೋರಬಹುದೇ?

ಅಗ್ಗವೆಂಬ ಆಕರ್ಷಣೆ

ಲೆಕ್ಕದ ದೃಷ್ಟಿಯಿಂದ ನೋಡಿದರೆ ಈ ಆಲೋಚನೆಗೆ ಆಕರ್ಷಣೆ ಇಲ್ಲದಿಲ್ಲ. ದೇಶದಲ್ಲಿ ವಯಸ್ಕರ ಪೈಕಿ ಎಚ್.ಐ.ವಿ. ಸೋಂಕಿನ ಪ್ರಮಾಣ ಶೇ. 0.2ರಷ್ಟಿದ್ದರೆ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸಮೀಕ್ಷೆಗಳಲ್ಲಿ ಕಾರಾಗೃಹವಾಸಿಗಳ ಪೈಕಿ ಅದು ಶೇ. 2ರ ಆಸುಪಾಸಿನಲ್ಲಿ ಕಂಡುಬಂದಿದೆ. ಊಟ, ವಸತಿ, ದಿನಚರಿ ಎಲ್ಲವೂ ಏಕರೂಪ. ಔಷಧ ತೆಗೆದುಕೊಂಡರೋ ಇಲ್ಲವೋ ಎಂದು ಮನೆಮನೆಗೆ ತಿರುಗಬೇಕಾಗಿಲ್ಲ. ಮಧ್ಯದಲ್ಲಿ ಬಿಟ್ಟುಹೋಗುವವರ ಸಂಖ್ಯೆಯೂ ಕಡಿಮೆಯೆಂದು ತೋರುತ್ತದೆ. ಹೀಗಾಗಿ ತಲಾ ವೆಚ್ಚ ಇಳಿಯುತ್ತದೆ.

ಆದರೆ ವೆಚ್ಚವೆಂಬುದು ಮಾಯವಾಗುವ ವಸ್ತುವಲ್ಲ. ಅದು ಒಂದು ಖಾತೆಯಿಂದ ಮತ್ತೊಂದು ಖಾತೆಗೆ ವರ್ಗವಾಗುತ್ತದೆ. ಇಲ್ಲಿ ಉಳಿತಾಯವಾದ ಹಣದ ಹೊರೆ, ಹೊರಗೆ ಹೋಗಲು ಸ್ವಾತಂತ್ರ್ಯವಿಲ್ಲದವನ ಖಾತೆಗೆ ಬೀಳುತ್ತದೆ. ಅಲ್ಲದೆ ಈ ಲೆಕ್ಕವೂ ಸರಿಯಾದುದಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಘಟಕದ 2022ರ ವರದಿಯ ಪ್ರಕಾರ ದೇಶದ ಬಂದಿಗಳಲ್ಲಿ ಸುಮಾರು ಮುಕ್ಕಾಲು ಭಾಗ ವಿಚಾರಣಾಧೀನರು. ಇಂದು ಇದ್ದವರು ನಾಳೆ ಜಾಮೀನಿನ ಮೇಲೆ ಹೋಗಬಹುದು, ಮತ್ತೊಂದು ಕಾರಾಗೃಹಕ್ಕೆ ವರ್ಗವಾಗಬಹುದು. ಹೋದವರಿಗೆ ಔಷಧ ಮುಂದುವರಿಸುವವರು ಯಾರು, ತೊಂದರೆಯಾದರೆ ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಉತ್ತರವಿಲ್ಲದೆ ಆರಂಭವಾದ ಪ್ರಯೋಗವು ವಿಜ್ಞಾನವೂ ಅಲ್ಲ, ವ್ಯವಹಾರವೂ ಅಲ್ಲ.

ಇತಿಹಾಸದ ಪಾಠ

ಕಾರಾಗೃಹದಲ್ಲಿ ಔಷಧ ಪ್ರಯೋಗವೆಂಬುದು ನಮ್ಮ ದೇಶಕ್ಕೆ ಹೊಸದಲ್ಲ. 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗ್ ಹರಡಿದ್ದಾಗ ಹಾಫ್‌ಕಿನ್ ಎಂಬ ವಿಜ್ಞಾನಿ ತಾನು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡು, ಅನಂತರ ಬೈಕುಲ್ಲಾ ಕಾರಾಗೃಹದ ಸ್ವಯಂಪ್ರೇರಿತ ಬಂದಿಗಳಿಗೆ ನೀಡಿದನು. ಆ ರೋಗ ಜೈಲಿನೊಳಗೂ ಪ್ರವೇಶಿಸಿತ್ತು. ಲಸಿಕೆಯ ಅಗತ್ಯ ಬಂದಿಗಳಿಗೂ ಇತ್ತು. ಪ್ರಯೋಗಿಸಿದವನು ಅಪಾಯವನ್ನು ತಾನೇ ಮೊದಲು ಹೊತ್ತನು. ಇಷ್ಟಿದ್ದರೂ ಆ ಬಂದಿಗಳ ಒಪ್ಪಿಗೆ ಎಷ್ಟು ಸ್ವತಂತ್ರವಾಗಿತ್ತೆಂದು ಇಂದಿನ ಸಮಿತಿಯು ಪ್ರಶ್ನಿಸದೆ ಬಿಡದು.

ಅಮೆರಿಕದ ಫಿಲಡೆಲ್ಫಿಯಾ ನಗರದ ಹೋಮ್ಸ್‌ಬರ್ಗ್ ಕಾರಾಗೃಹದಲ್ಲಿ 1951ರಿಂದ 1974ರವರೆಗೆ ನಡೆದುದು ಬೇರೆಯೇ ಬಗೆಯದು. ಚರ್ಮವೈದ್ಯರೊಬ್ಬರ ನೇತೃತ್ವದಲ್ಲಿ ಕಂಪನಿಗಳ ಪರವಾಗಿ ಬಂದಿಗಳ ಚರ್ಮದ ಮೇಲೆ ಪ್ರಸಾಧನಗಳು, ರಾಸಾಯನಿಕಗಳು ಪರೀಕ್ಷೆಗೊಳಗಾದವು. ಬಂದಿಗಳು ಸಹಿ ಹಾಕಿದ್ದರು, ಹಣವನ್ನೂ ಪಡೆದಿದ್ದರು. ಜೈಲಿನ ಕೂಲಿಗಿಂತ ಹಲವು ಪಟ್ಟು ಹೆಚ್ಚಾಗಿದ್ದ ಆ ಹಣವೇ ಅವರನ್ನು ಕಟ್ಟಿಹಾಕಿತ್ತು. 2022ರಲ್ಲಿ ಆ ನಗರದ ಆಡಳಿತವು ಈ ಪ್ರಯೋಗಗಳಿಗಾಗಿ ಕ್ಷಮೆ ಯಾಚಿಸಿತು. ಕಾಗದದ ಮೇಲೆ ಸಹಿ ಇದ್ದುದು ಐವತ್ತು ವರ್ಷಗಳ ನಂತರವೂ ಯಾರನ್ನೂ ಕಾಪಾಡಲಿಲ್ಲ.

ಗಿಡಮೂಲಿಕೆ ಮತ್ತು ಎಚ್.ಐ.ವಿ. ಎರಡೂ ಕೂಡಿದ ಪ್ರಕರಣಕ್ಕೆ ಆಫ್ರಿಕದ ಗ್ಯಾಂಬಿಯಾ ದೇಶವನ್ನು ನೋಡಬಹುದು. ಅಲ್ಲಿನ ಅಧ್ಯಕ್ಷ ಯಾಹ್ಯಾ ಜಮ್ಮೆ 2007ರ ಜನವರಿಯಲ್ಲಿ ತಾನು ಮೂಲಿಕೆಗಳಿಂದ ಏಡ್ಸ್ ಗುಣಪಡಿಸುವುದಾಗಿ ಘೋಷಿಸಿದನು. ಚಿಕಿತ್ಸೆಗೆ ಬಂದವರು ಎ.ಆರ್.ಟಿ. ಮಾತ್ರೆಗಳನ್ನು ನಿಲ್ಲಿಸಬೇಕಾಯಿತು. ಅವನು ಅಧಿಕಾರ ಕಳೆದುಕೊಂಡ ಮೇಲೆ, 2018ರಲ್ಲಿ, ಬದುಕುಳಿದವರು ನ್ಯಾಯಾಲಯದ ಮೆಟ್ಟಿಲೇರಿದರು. ದೇಶದ ಅಧ್ಯಕ್ಷನಿಗೆ ಬೇಡವೆನ್ನಲು ಆ ರೋಗಿಗಳಿಂದ ಆಗಲಿಲ್ಲ. ಕಾರಾಗೃಹದ ಅಧೀಕ್ಷಕರಿಗೆ ಬೇಡವೆನ್ನಲು ಬಂದಿಯಿಂದ ಆದೀತೆ?

ಬೇಡವೆನ್ನುವ ಹಕ್ಕು

ಈ ಪ್ರಶ್ನೆಯ ಮರ್ಮವನ್ನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಹರಾಜಿನ ದರ ಒಪ್ಪಿಗೆಯಾಗದಿದ್ದರೆ ರೈತನು ತನ್ನ ಲಾಟನ್ನು ಕೊಡುವುದಿಲ್ಲವೆನ್ನಬಹುದು. ಆ ಮಾತಿನಿಂದಲೇ ಅವನ ಒಪ್ಪಿಗೆಗೆ ಬೆಲೆ ಬರುತ್ತದೆ. ಆದರೆ ಗೂಡು ಹೆಚ್ಚು ದಿನ ಕಾಯುವ ಸರಕಲ್ಲ. ಚಿಟ್ಟೆ ಗೂಡನ್ನು ಸೀಳಿ ಹೊರಬಂದರೆ ನೂಲು ಬಿಚ್ಚಲಾಗದು. ಹೀಗೆ ರೈತನ ನಿರಾಕರಣೆಗೆ ಬಲ ಕಡಿಮೆಯೆಂದು ಅರಿತೇ ನಮ್ಮ ರಾಜ್ಯವು 1959ರಲ್ಲಿ ಕಾಯ್ದೆ ಮಾಡಿ ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಯ ನಿಯಂತ್ರಣಕ್ಕೆ ತಂದಿತು. ಒಂದು ಪಕ್ಷದ ಕೈ ದುರ್ಬಲವಾಗಿದ್ದಲ್ಲಿ ಮೂರನೆಯವರ ಮೇಲ್ವಿಚಾರಣೆ ಬೇಕೆಂಬುದು ನಮ್ಮ ವ್ಯಾಪಾರವೇ ಕಲಿಸಿದ ನೀತಿ.

ಕೈದಿಯ ಕೈ ಇದಕ್ಕಿಂತಲೂ ದುರ್ಬಲ. ಅವನಿಗೆ ಹಣವನ್ನೇ ಕೊಡಬೇಕೆಂದಿಲ್ಲ. ಆಸ್ಪತ್ರೆಯ ಕೊಠಡಿಯಲ್ಲಿ ಹಾಸಿಗೆ, ಒಂದು ಲೋಟ ಹೆಚ್ಚುವರಿ ಹಾಲು, ಮೇಲಧಿಕಾರಿಯ ಪ್ರಸನ್ನ ಮುಖ, ಶಿಕ್ಷೆಯಲ್ಲಿ ಮಾಫಿ ಸಿಕ್ಕೀತೆಂಬ ಆಸೆ ಇಷ್ಟೇ ಸಾಕು. 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಬಂದಿಯಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳು ಕಳೆದುಹೋಗುವುದಿಲ್ಲವೆಂದು ಸ್ಪಷ್ಟಪಡಿಸಿದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯು ಸೋಂಕಿತ ವ್ಯಕ್ತಿಯನ್ನು ಅವನ ತಿಳಿವಳಿಕೆಯುಳ್ಳ ಸಮ್ಮತಿಯಿಲ್ಲದೆ ಸಂಶೋಧನೆಗೆ ಒಳಪಡಿಸಬಾರದೆಂದು ವಿಧಿಸುತ್ತದೆ. ಸರ್ಕಾರದ ವಶದಲ್ಲಿರುವವರಿಗೂ ಎಚ್.ಐ.ವಿ. ಚಿಕಿತ್ಸೆಯ ಹಕ್ಕಿದೆಯೆಂದು ಅದೇ ಕಾಯ್ದೆ ಹೇಳುತ್ತದೆ. ಆದುದರಿಂದ ರಾಮನಗರದ ಕಾರಾಗೃಹವಾಗಲಿ, ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹವಾಗಲಿ, ಅಧೀಕ್ಷಕರ ಅನುಮತಿ ಪತ್ರವು ಬಂದಿಯ ಸಮ್ಮತಿಗೆ ಬದಲಿಯಾಗಲಾರದು.

ಇನ್ನು ಗೌಪ್ಯತೆ. ಒಂದೇ ಬ್ಯಾರಕ್ಕಿನಿಂದ ಪ್ರತಿದಿನ ಅದೇ ಹತ್ತು ಮಂದಿಯನ್ನು ಹೆಸರು ಕೂಗಿ ಕಷಾಯಕ್ಕೆ ಕರೆದರೆ, ಅವರ ರೋಗವನ್ನು ಬೇರೆ ಸಾರಬೇಕಾಗಿಲ್ಲ. ಹೊರಗಿನವನಿಗೆ ಊರು ಬಿಡುವ ದಾರಿಯಾದರೂ ಇದೆ. ಒಳಗಿನವನು ಅದೇ ಕೊಠಡಿಯಲ್ಲಿ ಮಲಗಬೇಕು.

ಮೂಲಿಕೆಯೆಂದರೆ ನಿರಪಾಯವೆ?

ಸಾವಿರ ವರ್ಷ ಬಳಸಿದ ಮೂಲಿಕೆಯಿಂದ ಅಪಾಯವೇನು ಎಂದು ಕೆಲವರು ಕೇಳಬಹುದು. ಸಾವಿರ ವರ್ಷಗಳ ಹಿಂದೆ ಅದನ್ನು ಎ.ಆರ್.ಟಿ. ಮಾತ್ರೆಯೊಡನೆ ಯಾರೂ ಸೇವಿಸಿರಲಿಲ್ಲ. ಯುರೋಪಿನಲ್ಲಿ ಪ್ರಚಲಿತವಾದ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯೊಡನೆ ಇಂಡಿನಾವಿರ್ ಎಂಬ ಎಚ್.ಐ.ವಿ. ಔಷಧವನ್ನು ಕೊಟ್ಟಾಗ, ರಕ್ತದಲ್ಲಿ ಆ ಔಷಧದ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದು 2000ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಬೆಳ್ಳುಳ್ಳಿಯ ಮಾತ್ರೆಯು ಸಾಕ್ವಿನಾವಿರ್ ಎಂಬ ಔಷಧವನ್ನು ಹೀಗೆಯೇ ತಗ್ಗಿಸಿತು. ಈಗ ನಮ್ಮ ಎ.ಆರ್.ಟಿ. ಕೇಂದ್ರಗಳಲ್ಲಿ ಬಳಕೆಯಲ್ಲಿರುವ ಡೊಲುಟೆಗ್ರಾವಿರ್, ಕಬ್ಬಿಣ ಅಥವಾ ಕ್ಯಾಲ್ಸಿಯಂ ಇರುವ ಪದಾರ್ಥಗಳೊಡನೆ ಬರಿಹೊಟ್ಟೆಯಲ್ಲಿ ಸೇರಿದರೆ ದೇಹಕ್ಕೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಭಸ್ಮಗಳನ್ನು ತಯಾರಿಸುವವರು ಇದನ್ನು ಅವಶ್ಯ ಗಮನಿಸಬೇಕು. ಔಷಧದ ಪ್ರಮಾಣ ತಗ್ಗಿದರೆ ವೈರಾಣುವು ಅದಕ್ಕೆ ಬಗ್ಗದಂತಾಗುತ್ತದೆ. ಆ ನಷ್ಟವನ್ನು ಯಾವ ಪರಿಹಾರ ಧನವೂ ತುಂಬಲಾರದು.

ಸಮಿತಿಯೆಂದರೆ ಸ್ವತಂತ್ರ ಪರಿಶೋಧಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳ ಪ್ರಕಾರ ನೈತಿಕ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಂದಿ ಹೊರಗಿನವರಿರಬೇಕು. ಕಾನೂನು ಬಲ್ಲವರೂ ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು. 2013ರ ಕಂಪನಿ ಕಾಯ್ದೆಯು ಕಂಪನಿಯ ಷೇರು ಹೊಂದಿದವರು ಅದರ ಲೆಕ್ಕ ಪರಿಶೋಧಕರಾಗಬಾರದೆಂದು ವಿಧಿಸುವುದರ ಹಿಂದಿನ ತತ್ವವೇ ಇಲ್ಲಿಯೂ ಇದೆ. ಪರಿಶೋಧಕರ ಪ್ರಶ್ನೆಗಳು ವ್ಯವಹಾರಸ್ಥನಿಗೆ ಕಿರಿಕಿರಿಯೆನಿಸಬಹುದು. ಆದರೆ ಅವರ ಸಹಿಗೆ ಬ್ಯಾಂಕು ಬೆಲೆ ಕೊಡುವುದು ಅವರು ಪ್ರಶ್ನಿಸುತ್ತಾರೆಂಬ ಕಾರಣಕ್ಕೇ.

ಇದೇ ಮಾರ್ಗಸೂಚಿಗಳು ಬಂದಿಗಳನ್ನು ವಿಶೇಷ ರಕ್ಷಣೆ ಬೇಕಾದವರ ಸಾಲಿನಲ್ಲಿ ಇರಿಸಿವೆ. ಅಂಥವರ ಆರೋಗ್ಯದ ಅಗತ್ಯಕ್ಕೇ ಸಂಬಂಧಿಸಿದ ಸಂಶೋಧನೆಯಾಗಿದ್ದು, ಬೇರೆಯವರಲ್ಲಿ ನಡೆಸಲು ಸಾಧ್ಯವಿಲ್ಲದಿದ್ದರೆ ಮಾತ್ರ ಅವರನ್ನು ಸೇರಿಸಿಕೊಳ್ಳುವುದು ಉಚಿತ. ಹಸಿವು ಹೆಚ್ಚಿಸುವ ಲೇಹ್ಯವನ್ನಾಗಲಿ, ಚರ್ಮದ ತುರಿಕೆಗೆ ಎಣ್ಣೆಯನ್ನಾಗಲಿ ಹೊರಗಿನ ಸೋಂಕಿತರಲ್ಲಿ ಪರೀಕ್ಷಿಸಲು ಯಾವ ಅಡ್ಡಿಯೂ ಇಲ್ಲ. ಹಾಗಿರುವಾಗ ‘ಕೈದಿಗಳೇ ಏಕೆ?’ ಎಂಬ ಮೊದಲ ಪ್ರಶ್ನೆಗೆ ‘ಅನುಕೂಲ’ ಎಂಬುದೊಂದೇ ಉತ್ತರವಾದರೆ, ಅರ್ಜಿಯನ್ನು ಸಲ್ಲಿಸದಿರುವುದೇ ಲೇಸು.

ಹಾಗೆಂದು ಬಂದಿಗಳನ್ನು ಸಂಶೋಧನೆಯ ಫಲದಿಂದ ಶಾಶ್ವತವಾಗಿ ದೂರವಿಡಬೇಕೆಂಬುದು ಈ ಲೇಖಕನ ಅಭಿಪ್ರಾಯವಲ್ಲ. ಹೊರಗಿನವರಲ್ಲಿ ಸುರಕ್ಷಿತವೆಂದು ತೋರಿದ ಮೇಲೆ, ಕಾರಾಗೃಹದ ಪರಿಸ್ಥಿತಿಗೇ ವಿಶಿಷ್ಟವಾದ ತೊಂದರೆಯೊಂದಕ್ಕೆ ಔಷಧವು ಉಪಯುಕ್ತವಾದೀತೆಂದು ಕಂಡರೆ, ಅರ್ಜಿ ಸಲ್ಲಿಸಬಹುದು. ಆಗಲೂ ಎ.ಆರ್.ಟಿ. ಒಂದು ದಿನವೂ ನಿಲ್ಲಕೂಡದು. ಸಮ್ಮತಿಯನ್ನು ಕಾರಾಗೃಹದ ಸಿಬ್ಬಂದಿಯಲ್ಲದ, ಔಷಧ ತಯಾರಕನ ಸಂಬಳವನ್ನೂ ಪಡೆಯದ ವ್ಯಕ್ತಿ, ಬಂದಿಗೆ ತಿಳಿಯುವ ಭಾಷೆಯಲ್ಲಿ, ಖಾಸಗಿಯಾಗಿ ಕೇಳಬೇಕು. ಒಪ್ಪಿದರೆ ಮಾಫಿಯಿಲ್ಲ, ಒಲ್ಲೆನೆಂದರೆ ಕೆಡುಕಿಲ್ಲ ಎಂಬುದು ಬರಹದಲ್ಲಿರಬೇಕು. ಬಿಡುಗಡೆಯಾದವರ ಶುಶ್ರೂಷೆ, ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಇವುಗಳಿಗೆ ಹಣವನ್ನು ಮೊದಲೇ ತೆಗೆದಿರಿಸಬೇಕು. ಪ್ರಯೋಗವನ್ನು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಮೊದಲೇ ದಾಖಲಿಸಿ, ಫಲ ಪ್ರತಿಕೂಲವಾದರೂ ಪ್ರಕಟಿಸಬೇಕು.

ಉದ್ಯಮದ ಹಿತ

ಇದು ಕೇವಲ ಧರ್ಮೋಪದೇಶವಲ್ಲ. 2004ರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದಲ್ಲಿ ಮಾರಾಟವಾಗುತ್ತಿದ್ದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದುದು ಪ್ರಕಟವಾಯಿತು. 2006ರ ಜನವರಿಯಿಂದ ರಫ್ತಿನ ಗಿಡಮೂಲಿಕೆ ಔಷಧಗಳಿಗೆ ಭಾರಲೋಹದ ಪರೀಕ್ಷೆ ಕಡ್ಡಾಯವಾಯಿತು. ತಪ್ಪು ಮಾಡದವರೂ ಅದರ ಖರ್ಚು ಹೊತ್ತರು. 2020ರ ಜೂನ್ 23ರಂದು ಪತಂಜಲಿ ಸಂಸ್ಥೆಯು ಕೊರೊನಿಲ್ ಔಷಧವನ್ನು ಘೋಷಿಸಿದ ದಿನವೇ ಕೇಂದ್ರ ಆಯುಷ್ ಸಚಿವಾಲಯವು ಜಾಹೀರಾತು ನಿಲ್ಲಿಸುವಂತೆ ಸೂಚಿಸಿ, ಪ್ರಯೋಗ ನಡೆದ ಸ್ಥಳ, ರೋಗಿಗಳ ಸಂಖ್ಯೆ, ನೈತಿಕ ಸಮಿತಿಯ ಅನುಮೋದನೆ ಮತ್ತು ನೋಂದಣಿಯ ವಿವರ ಕೇಳಿತು. ದೊಡ್ಡ ಸಂಸ್ಥೆ ಇಂಥ ಪ್ರಶ್ನೆಗಳನ್ನು ತಾಳಿಕೊಂಡೀತು. ಹತ್ತು ಮಂದಿ ಕೆಲಸಗಾರರ ಘಟಕ ತಾಳಲಾರದು. ಔಷಧಗಳು ಗುಣಪಡಿಸುವುದಾಗಿ ಹೇಳಿಕೊಳ್ಳಬಾರದ ರೋಗಗಳನ್ನು ಪಟ್ಟಿ ಮಾಡಿರುವ ಔಷಧ ನಿಯಮಗಳ ಜೆ ಅನುಸೂಚಿಯಲ್ಲಿ ಏಡ್ಸ್ ಮೊದಲ ಸ್ಥಾನದಲ್ಲಿದೆ ಎಂಬುದನ್ನೂ ನೆನಪಿಡಬೇಕು.

ಆದುದರಿಂದ ನಮ್ಮ ಸದಸ್ಯರಲ್ಲಿ ಎರಡು ವಿನಂತಿ. ಪ್ರಯೋಗ ನಡೆಸಬಯಸುವ ಸಣ್ಣ ಘಟಕಗಳು ಒಂಟಿಯಾಗಿ ಹೊರಡದೆ, ಕೂಡಿ ವೆಚ್ಚ ಹಂಚಿಕೊಂಡು, ನೋಂದಾಯಿತ ನೈತಿಕ ಸಮಿತಿಯುಳ್ಳ ವೈದ್ಯಕೀಯ ಅಥವಾ ಆಯುರ್ವೇದ ಕಾಲೇಜಿನ ಮೂಲಕ ಮುಂದುವರಿಯಲಿ. ಎರಡನೆಯದಾಗಿ, ನಾಲ್ಕು ಪಟ್ಟಣಗಳ ತಯಾರಕರಿಗಾಗಿ ನಮ್ಮ ಸಂಸ್ಥೆಯು ಆಯುಷ್ ಅಧಿಕಾರಿಗಳು ಹಾಗೂ ಇಂಥ ಸಮಿತಿಗಳ ಅನುಭವಿ ಸದಸ್ಯರನ್ನು ಕರೆಸಿ ಒಂದು ದಿನದ ಸಮಾಲೋಚನೆ ಏರ್ಪಡಿಸಲಿ. ಸಮಿತಿಯ ಮುಂದೆ ಅರ್ಜಿ ಇಡುವ ಮೊದಲು ತಯಾರಕನು ಕೇಳಿಕೊಳ್ಳಬೇಕಾದುದು ಇಷ್ಟೇ: ಈ ಔಷಧವನ್ನು ಕುಡಿಯುವವನು ಬೇಡವೆಂದು ಹೇಳಿ ಎದ್ದುಹೋಗಬಲ್ಲನೇ? ಹೋಗಲಾರನೆಂದಾದರೆ, ಅವನ ಸಹಿಯಿಂದ ನಮ್ಮ ಸರಕಿಗೆ ಬರುವ ಬೆಲೆ ನಮಗೆ ಬೇಡ.