ಬಾನೆಟ್ಟಿನ ಕೆಳಗಿನ ಒಗ್ಗರಣೆ

ಅಂಕೋಲೆಯಿಂದ ಹುಬ್ಬಳ್ಳಿಗೆ ಮರಳುವಾಗ ಅರಬೈಲ್ ಘಟ್ಟವನ್ನೇರಿ ಯಲ್ಲಾಪುರದಲ್ಲಿ ಚಹಾಕ್ಕೆಂದು ಕಾರು ನಿಲ್ಲಿಸಿದ್ದೆವು. 2022ರ ಡಿಸೆಂಬರ್ ತಿಂಗಳು. ಹಿಂದಿನ ಆಸನದಲ್ಲಿ ವೃದ್ಧ ತಾಯಿಯವರು, ಅವರ ಮಗ್ಗುಲಿಗೆ ಮಕ್ಕಳಿಬ್ಬರು. ಗಾಡಿ ನಿಂತು ಅರ್ಧ ನಿಮಿಷ ಕಳೆದಿರಲಿಲ್ಲ, ಶ್ರೀಮತಿಯವರು ಮೂಗಿಗೆ ಸೆರಗು ಹಿಡಿದು, “ಬಾಣಲೆಯಲ್ಲಿ ಕುಸುಬೆ ಎಣ್ಣೆ ಹೊತ್ತಿದ ಹಾಗೆ ನಾರುತ್ತಿದೆಯಲ್ಲ!” ಎಂದರು. ನಾನು ಹೋಟೆಲಿನ ಭಜಿಯ ಬಾಣಲೆಯತ್ತ ಬೆರಳು ತೋರಿಸಿ ಜಾಣನಾದೆ. ಆದರೆ ವಾಸನೆ ಬರುತ್ತಿದ್ದುದು ನಮ್ಮದೇ ಬಾನೆಟ್ಟಿನ ಸಂದಿಯಿಂದ.

ಕಾರುಳ್ಳ ಗೃಹಸ್ಥರಲ್ಲಿ ಅನೇಕರಿಗೆ ಈ ವಾಸನೆಯ ಪರಿಚಯವಿದ್ದೀತು. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಒಯ್ದುಬಿಡುತ್ತದೆ. ನಿಂತೊಡನೆ ಮೇಲೆದ್ದು, ಮುಂಗಾಜಿನ ಬುಡದಲ್ಲಿರುವ ಗಾಳಿಯ ಕಿಂಡಿಯ ಮೂಲಕ ಒಳಗೆ ನುಗ್ಗುತ್ತದೆ. ದೋಷ ಈಗಷ್ಟೇ ಹುಟ್ಟಿತೆಂದು ನಾವು ಭ್ರಮಿಸುತ್ತೇವೆ. ವಾಸ್ತವದಲ್ಲಿ ಅದು ಎಷ್ಟೋ ತಿಂಗಳುಗಳಿಂದ ಬೆಳೆದು ಬಂದಿರಬಹುದು.

ಊರಿಗೆ ಬಂದು ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಡಿಪ್‌ಸ್ಟಿಕ್ ಎಳೆದು ನೋಡಿ, ಎಣ್ಣೆ ಕೆಳಗೆರೆಗಿಂತ ತಗ್ಗಿದೆ, ಆದ್ದರಿಂದ ಪಿಸ್ಟನ್ನಿನ ರಿಂಗುಗಳು ಸವೆದಿವೆ, ಇಂಜಿನ್ ಬಿಚ್ಚಲೇಬೇಕು, 40,000 ರೂಪಾಯಿ ಆದೀತು ಎಂದು ತೀರ್ಪಿತ್ತರು. ಆ ತಿಂಗಳೇ ಮಗಳ ಕಾಲೇಜಿನ ಶುಲ್ಕದ ಎರಡನೆಯ ಕಂತು ಕಟ್ಟಬೇಕಾಗಿತ್ತು; ಕೈಯಲ್ಲಿದ್ದ ಹಣ ಹೆಚ್ಚುಕಡಿಮೆ ಅಷ್ಟೇ. ಒಂದು ವಾರದ ಅವಕಾಶ ಕೇಳಿ, ಎಣ್ಣೆಯನ್ನು ಮೇಲ್ಗೆರೆಯವರೆಗೆ ತುಂಬಿಸಿಕೊಂಡು ಹಿಂದಿರುಗಿದೆ.

ಎಣ್ಣೆ ಸುಡುವುದು ಎರಡು ಕಡೆ. ರಿಂಗುಗಳೋ ಕವಾಟದ ಸೀಲುಗಳೋ ಸವೆದಿದ್ದರೆ ಅದು ಇಂಜಿನ್ನಿನ ಒಳಗೇ ಪೆಟ್ರೋಲಿನೊಡನೆ ಉರಿದು, ಹಿಂಬದಿಯ ಕೊಳವೆಯಿಂದ ನೀಲಿ ಹೊಗೆಯಾಗಿ ಹೊರಬೀಳುತ್ತದೆ. ಹೊರಗೆ ಸೋರಿ ಬಿಸಿ ಲೋಹದ ಮೇಲೆ ಬಿದ್ದರೆ ಹಿಂದೆ ಹೊಗೆಯಿಲ್ಲ, ಮುಂದೆ ನಾತ. ನಮ್ಮ ಕಾರಿನ ಹಿಂದೆ ಮಗನನ್ನು ನಿಲ್ಲಿಸಿ ಆಕ್ಸಿಲರೇಟರ್ ಒತ್ತಿಸಿದೆ, ನೀಲಿ ಕಾಣಲಿಲ್ಲ. ಈಚಿನ ಕಾರುಗಳಲ್ಲಿ ಸ್ವಲ್ಪ ಹೊಗೆ ಕಣ್ಣಿಗೆ ಬೀಳದೆಯೂ ಹೋಗಬಹುದಾದ್ದರಿಂದ ಇದೊಂದರಿಂದಲೇ ನಿಶ್ಚಯಿಸಲಾಗದು. ಆದರೆ ಕಂಪ್ರೆಷನ್ ಪರೀಕ್ಷೆಯನ್ನೂ ಮಾಡದೆ ಇಂಜಿನ್ ಬಿಚ್ಚೆನ್ನುವವರ ಮಾತಿಗೆ ತಲೆಯಾಡಿಸಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಟಾರ್ಚು ಹಿಡಿದು ನೋಡಿದೆವು. ಕೆಳಭಾಗವೆಲ್ಲ ಜಿಡ್ಡು. ಎಣ್ಣೆ ಕೆಳಕ್ಕಿಳಿಯುತ್ತದೆ, ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹನಿ ತೊಟ್ಟಿಕ್ಕುವ ಸ್ಥಳ ಸೋರುವ ಸ್ಥಳವಲ್ಲ. ಹುಡುಕಬೇಕಾದದ್ದು ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು. ಜಿಡ್ಡನ್ನೆಲ್ಲ ಬಟ್ಟೆಯಿಂದ ಒರೆಸಿ, ಊರೊಳಗೆ ಒಂದು ಸುತ್ತು ಹಾಕಿ ಬಂದು ಮತ್ತೆ ನೋಡಿದಾಗ, ಇಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನ ಅಂಚಿನಲ್ಲಿ ಹೊಸ ಎಣ್ಣೆ ಮಿನುಗುತ್ತಿತ್ತು. ಅದರ ಕೆಳಗೇ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಮ್ಯಾನಿಫೋಲ್ಡ್. ಅದರ ಮೇಲೆ ಕಂದುಬಣ್ಣದ ಸುಟ್ಟ ಕಲೆ. ಘಟ್ಟ ಏರುವಾಗ ಈ ಭಾಗ ಹಲವು ನೂರು ಡಿಗ್ರಿ ಕಾಯುತ್ತದೆ. ಇಂಜಿನ್ ಎಣ್ಣೆಯ ಆವಿ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು ಎಂದು ತಿಳಿದಾಗ, ಹಿಂದಿನ ಆಸನದ ಮೂವರು ನೆನಪಾಗಿ ಮೈ ತಣ್ಣಗಾಯಿತು.

ಕುಕ್ಕರಿನ ರಬ್ಬರ್ ಉಂಗುರ ಹಳತಾದರೆ ಸೆಡೆತು ಆವಿ ಬಿಡುವುದನ್ನು ಸೋದರಿಯರು ಬಲ್ಲರು. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ಟಿನ ಗತಿಯೂ ಅದೇ. ಬೋಲ್ಟುಗಳನ್ನು ಬಿಗಿಮಾಡಿ ಸೋರಿಕೆ ನಿಲ್ಲಿಸಲು ಹೋದರೆ ಕವರು ಡೊಂಕಾಗಿ ಇನ್ನಷ್ಟು ಸೋರೀತು. ಹಳೆಯ ಪರಿಚಯದ ಮೇಸ್ತ್ರಿಯೊಬ್ಬರು ಹೊಸ ಗ್ಯಾಸ್ಕೆಟ್ ಕೂರಿಸುವ ಮೊದಲು ಪಿ.ಸಿ.ವಿ. ಎಂಬ ಸಣ್ಣ ಕವಾಟವನ್ನು ಕಳಚಿ ಕಿವಿಯ ಬಳಿ ಅಲುಗಾಡಿಸಿದರು. ಟಿಕಟಿಕ ಸದ್ದು ಬರಬೇಕಾಗಿತ್ತು. ಬರಲಿಲ್ಲ, ಒಳಗೆ ಮಡ್ಡಿ ಕಟ್ಟಿತ್ತು. ಇಂಜಿನ್ನಿನೊಳಗಿನ ಒತ್ತಡ ಹೊರಹೋಗುವ ದಾರಿಯದು. ಅದು ಮುಚ್ಚಿದರೆ ಒತ್ತಡವು ಎಣ್ಣೆಯನ್ನು ಸಿಕ್ಕ ಸಂದಿಯಿಂದೆಲ್ಲ ನೂಕುತ್ತದೆ. ಗ್ಯಾಸ್ಕೆಟ್ ಮಾತ್ರ ಬದಲಿಸಿದ್ದರೆ ಆರು ತಿಂಗಳಲ್ಲಿ ಮತ್ತೆ ಅದೇ ಕಥೆಯಾಗುತ್ತಿತ್ತೇನೋ. ಎರಡೂ ಸೇರಿ, ಕೂಲಿ ಸಹಿತ, 1,400 ರೂಪಾಯಿ.

ಎಲ್ಲ ನಾತವೂ ಎಣ್ಣೆಯದಲ್ಲ. ಸಿಹಿಯೆನಿಸಿದರೆ ರೇಡಿಯೇಟರಿನ ಕೂಲೆಂಟ್, ಕಾಗದ ಸುಟ್ಟಂತಿದ್ದರೆ ಕ್ಲಚ್ಚು. ಪ್ಲಾಸ್ಟಿಕ್ ಸುಟ್ಟಂತಿದ್ದರೆ ವಿದ್ಯುತ್ ತಂತಿ. ಆಗ ಒಂದು ಮೈಲಿಯೂ ಮುಂದೆ ಹೋಗಬಾರದು. ಎಣ್ಣೆ ಬದಲಿಸಿದ ಮರುದಿನದ ವಾಸನೆ ಬಹುಶಃ ಫಿಲ್ಟರಿನ ಬಳಿ ಚೆಲ್ಲಿದ ಹನಿಗಳದು, ಒಂದೆರಡು ದಿನಗಳಲ್ಲಿ ಆರುತ್ತದೆ. ಬಾನೆಟ್ಟಿನಿಂದ ಹೊಗೆಯೇ ಎದ್ದರೆ ಇಂಜಿನ್ ಆರಿಸಿ, ಮೊದಲು ಜನರನ್ನು ಇಳಿಸಿ ದೂರ ಕರೆದೊಯ್ಯಿರಿ. ಬಾನೆಟ್ಟನ್ನು ಪೂರ್ತಿ ತೆರೆಯಬೇಡಿ, ಗಾಳಿ ದೊರೆತು ಜ್ವಾಲೆ ಭುಗಿಲೆದ್ದೀತು. ಕೆಂಪು ಎಣ್ಣೆಯ ದೀಪ ಹೊತ್ತಿದಾಗಲೂ ಕೂಡಲೇ ಇಂಜಿನ್ ಆರಿಸತಕ್ಕದ್ದು. ಅದು ಎಣ್ಣೆಯ ಒತ್ತಡ ಬಿದ್ದುದರ ಸೂಚನೆ; ಮನೆ ಮುಟ್ಟುವವರೆಗೆ ಓಡಿಸೋಣವೆಂದವರು ಇಂಜಿನ್ನನ್ನೇ ಕಳೆದುಕೊಂಡಾರು. ಎಣ್ಣೆಯ ಮಟ್ಟವನ್ನು ಡಿಪ್‌ಸ್ಟಿಕ್ಕಿನಿಂದಲೇ, ಸಮತಟ್ಟಾದ ನೆಲದಲ್ಲಿ, ಇಂಜಿನ್ ಆರಿಸಿ 5-10 ನಿಮಿಷ ಬಿಟ್ಟು ನೋಡಬೇಕು.

ದುರಸ್ತಿಯಾದ ಮೇಲೂ ಮೂರು ದಿನ ವಾಸನೆ ಬಂದಿತು. ಶ್ರೀಮತಿಯವರು ನನ್ನನ್ನು ಸಂಶಯದಿಂದ ನೋಡಿದರು. ಮ್ಯಾನಿಫೋಲ್ಡಿಗೆ ಅಂಟಿದ್ದ ಹಳೆಯ ಜಿಡ್ಡು ಸುಟ್ಟು ಮುಗಿಯಬೇಕಾಗಿತ್ತು, ಮುಗಿಯಿತು. ಕಾರಿನಡಿ ಹಾಸಿದ್ದ ರಟ್ಟು ಬೆಳಗಿನವರೆಗೂ ಒಣಗಿಯೇ ಇತ್ತು. ಮಗಳ ಶುಲ್ಕವನ್ನು ಅದೇ ಶನಿವಾರ ಕಟ್ಟಿ ಬಂದೆ.