ಭೂಗರ್ಭದ ಕಲ್ಲಿದ್ದಲು ಅನಿಲ: ಅಸಲು ವೆಚ್ಚವೆಷ್ಟು?

ಗಣಿ ತೋಡಿ ತೆಗೆದರೆ ಗಿಟ್ಟದಷ್ಟು ಆಳದಲ್ಲಿರುವ ಕಲ್ಲಿದ್ದಲನ್ನು ನೆಲದೊಳಗೇ ಅನಿಲವಾಗಿ ಪರಿವರ್ತಿಸುವ ವಿಧಾನವು ಮತ್ತೆ ಚರ್ಚೆಗೆ ಬಂದಿದೆ. ಒಂದು ಕೊಳವೆಬಾವಿಯ ಮೂಲಕ ಗಾಳಿ ಅಥವಾ ಆಮ್ಲಜನಕವನ್ನು ಹಾಯಿಸಿ ಕಲ್ಲಿದ್ದಲಿನ ಪದರಕ್ಕೆ ಬೆಂಕಿ ಹೊತ್ತಿಸಿದರೆ, ಇನ್ನೊಂದರಿಂದ ಜಲಜನಕ, ಕಾರ್ಬನ್ ಮಾನಾಕ್ಸೈಡ್ ಮತ್ತು ಮೀಥೇನ್‌ಗಳು ಸೇರಿದ ಇಂಧನಾನಿಲ ಹೊರಬರುತ್ತದೆ. ತಂತ್ರ ಹೊಸದಲ್ಲ. ಉಜ್ಬೇಕಿಸ್ತಾನದ ಆಂಗ್ರೆನ್‌ನಲ್ಲಿ 1960ರ ದಶಕದಿಂದಲೇ ಇಂತಹ ಅನಿಲವನ್ನು ವಿದ್ಯುದುತ್ಪಾದನೆಗೆ ಬಳಸಲಾಗಿದೆ. ಆದುದರಿಂದ ಪರಿಶೀಲಿಸಬೇಕಾದುದು ಅದರ ಅಸಲು ವೆಚ್ಚವನ್ನು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಚಿಂಚಿಲ್ಲಾದಲ್ಲಿ ಲಿಂಕ್ ಎನರ್ಜಿ ಕಂಪನಿಯು 1999ರಲ್ಲಿ ಪ್ರಯೋಗ ಆರಂಭಿಸಿತು. 2016ರಲ್ಲಿ ಕಂಪನಿ ದಿವಾಳಿಯಾಯಿತು. ಅದೇ ವರ್ಷ ಆ ರಾಜ್ಯವು ಈ ಉದ್ದಿಮೆಯನ್ನೇ ನಿಷೇಧಿಸಿತು. ಪರಿಸರ ಹಾನಿಗಾಗಿ 2018ರಲ್ಲಿ ನ್ಯಾಯಾಲಯವು 45 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿದಾಗ, ಅದನ್ನು ತೆರಬೇಕಾದ ಕಂಪನಿಯ ಕೈ ಬರಿದಾಗಿತ್ತು.

ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರವು 2015ರಲ್ಲಿ ಈ ಕುರಿತ ನೀತಿಗೆ ಒಪ್ಪಿಗೆ ನೀಡಿತು. ಜಾರ್ಖಂಡ್‌ನ ಜಾಮತಾಡಾ ಜಿಲ್ಲೆಯ ಕಾಸ್ತಾದಲ್ಲಿ 2024ರಲ್ಲಿ ಈಸ್ಟರ್ನ್ ಕೋಲ್‌ಫೀಲ್ಡ್ಸ್ ಸಂಸ್ಥೆಯ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಕಲ್ಲಿದ್ದಲಿನ ನಿಕ್ಷೇಪವಿಲ್ಲದ ನಮ್ಮ ರಾಜ್ಯದ ಉದ್ದಿಮೆದಾರರಿಗೆ ಅಗ್ಗದ ಇಂಧನದ ಮಾತು ಹಿತವೆನಿಸುವುದು ಸಹಜ. ಆದರೆ ಅಂತರ್ಜಲದ ತಪಾಸಣೆ, ಉರಿದುಳಿದ ಕುಳಿಯ ನಿರ್ವಹಣೆ, ನೆಲಕುಸಿತದ ಪರಿಹಾರ ಇವೆಲ್ಲವೂ ಉತ್ಪಾದನಾ ವೆಚ್ಚದ ಬಾಬ್ತುಗಳೇ. ಇವುಗಳ ಮೊತ್ತವನ್ನು ಮೊದಲ ವರ್ಷದಿಂದಲೇ, ಕಂಪನಿಯ ಸಾಲಗಾರರ ಕೈಗೆಟುಕದ ಪ್ರತ್ಯೇಕ ಠೇವಣಿಯಲ್ಲಿ ಇರಿಸುವಂತೆ ಕಾನೂನು ಕಡ್ಡಾಯಗೊಳಿಸಬೇಕು.

ಇಷ್ಟನ್ನೂ ಸೇರಿಸಿದ ಮೇಲೆ ದರ ಗಿಟ್ಟಿದರೆ ಯೋಜನೆ ಸ್ವಾಗತಾರ್ಹ. ಗಿಟ್ಟದಿದ್ದರೆ, ಇಂದಿನ ಅಗ್ಗದ ದರದ ವ್ಯತ್ಯಾಸವನ್ನು ನಾಳೆ ತೆರಿಗೆದಾರರಾದ ನಾವೇ ತುಂಬಬೇಕಾಗುತ್ತದೆ.